ಮಕ್ಕಳ ಹಾಲಿಗೆ ಬೆರೆಸುವ ಪುಡಿಗಳು ನಿಷೇಧವಾಗಿಲ್ಲ

‘ಹಾಲಿಗೆ ಬೆರೆಸುವ ಚಾಕೊಲೇಟ್, ಮಾಲ್ಟ್ ಪುಡಿಗಳನ್ನು ಸರ್ಕಾರ ನಿಷೇಧಿಸಿದೆ, ಮನೆಯಲ್ಲಿದ್ದರೆ ಎಸೆಯಿರಿ’ ಎಂಬ ವಾಟ್ಸ್ಆ್ಯಪ್ ಸಂದೇಶ ಮತ್ತೆ ಓಡಾಡುತ್ತಿದೆ. ಅದು ಸರಿಯಲ್ಲ.

ಆಗಿದ್ದು ಇಷ್ಟು: 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯಿರಿ ಎಂದು ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಆ ಹೆಸರಿಗೆ ವ್ಯಾಖ್ಯಾನವೇ ಇಲ್ಲ ಎಂಬುದು ಕಾರಣ. ಮಾರಾಟಕ್ಕೆ ತಡೆಯಿಲ್ಲ.

ಹಾಗಂತ ಧಾರಾಳವಾಗಿ ಸುರಿಯಿರಿ ಅಂತಲ್ಲ. ಡಬ್ಬಿ ತಿರುಗಿಸಿ, ಹಿಂಬದಿಯ ಸಣ್ಣಕ್ಷರದಲ್ಲಿ ‘ಆ್ಯಡೆಡ್ ಶುಗರ್ಸ್’ ಸಾಲು ನೋಡಿ. 100 ಗ್ರಾಂಗೆ ಎಷ್ಟು ಎಂದು ಬರೆದಿರುತ್ತದೆ. ಸ್ಕೂಲ್ ಬಸ್ಸು ಹಾರ್ನ್ ಹೊಡೆಯುವಾಗ ಬರೀ ಹಾಲು ಕುಡಿಸುವುದು ಕಷ್ಟ, ನಿಜ. ಅರ್ಧರ್ಧ ಚಮಚ ಕಡಿಮೆ ಮಾಡುತ್ತಾ ಬನ್ನಿ, ನಾಲಿಗೆ ಒಗ್ಗುತ್ತದೆ.

ಆ ಸಂದೇಶ ನಿಮಗೂ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.