ಕಲಿಕೆಯ ವೇಷದಲ್ಲಿ ಬರುವ ಅಡ್ಡಿ

ಸ್ವಂತವಾಗಿ ಏನನ್ನಾದರೂ ಕಲಿಯಹೊರಟವರು ಏಕಾಗ್ರತೆ ಉಳಿಯುತ್ತಿಲ್ಲವೆಂದಾಗ ನಾವೆಲ್ಲ ಮೊದಲು ದೂರುವುದು ಮೊಬೈಲನ್ನು. ಆ ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಕಳೆದ ವರ್ಷ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕುಳಿತಾಗ ನನ್ನ ಗಮನವನ್ನು ಹೆಚ್ಚು ಕದ್ದದ್ದು ಮೊಬೈಲಿಗಿಂತ ಮಿಗಿಲಾಗಿ ಇನ್ನೊಂದು ಪಾಠ, ಅದು ಮುಗಿಯುವ ಮೊದಲೇ ಮತ್ತೊಂದು ಪಾಠ.

ಕೆಲವು ವಾರ ವಿಡಿಯೊಗಳನ್ನು ನೋಡಿ, ನೋಟ್ಸ್ ಬರೆದುಕೊಂಡು, ಎಲ್ಲವೂ ತಲೆಗೆ ಹತ್ತಿದೆಯೆಂಬ ಭರವಸೆಯಲ್ಲಿ ಒಂದು ಸಂಜೆ ಖಾಲಿ ಫೈಲ್ ತೆರೆದೆ. ಕೊಟ್ಟ ಸಂಖ್ಯೆಗಳಲ್ಲಿ ಅತಿ ದೊಡ್ಡದನ್ನು ಹುಡುಕುವ ಐದು ಸಾಲಿನ ಕೋಡ್ ಬರೆಯಬೇಕಿತ್ತು, ಅಷ್ಟೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ 'ಫಾರ್ ಲೂಪ್‌'ನ ಮೊದಲ ಸಾಲಿನ ಕೊನೆಗೆ ಕೋಲನ್ (:) ಹಾಕುವುದನ್ನು ಮರೆತಿದ್ದೆ. ಬರವಣಿಗೆಯ ನಿಯಮ ತಪ್ಪಿದೆಯೆಂದು ಹೇಳುವ 'ಸಿಂಟ್ಯಾಕ್ಸ್ ಎರರ್' ಕಂಡೊಡನೆ ಕೈ ತಾನಾಗಿ ಬ್ರೌಸರ್‌ನತ್ತ ಹೋಯಿತು. ತಪ್ಪನ್ನು ತಿದ್ದಿಕೊಳ್ಳಲು ಅಲ್ಲ, 'ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ' ಕೋರ್ಸ್ ಹುಡುಕಲು. ಅದಾಗಲೇ ಎರಡು ಕೋರ್ಸ್‌ಗಳ ಮೊದಲ ನಾಲ್ಕು ಅಧ್ಯಾಯಗಳನ್ನು ಬಹಳ ಅಚ್ಚುಕಟ್ಟಾಗಿ ಮುಗಿಸಿದ್ದೆ. ಐದನೆಯ ಅಧ್ಯಾಯ ಎಲ್ಲೂ ಬಂದಿರಲಿಲ್ಲ. ಗಮನ ತಪ್ಪುವುದು ಬೇಸರದಿಂದ ಎಂದುಕೊಂಡಿದ್ದ ನನಗೆ, ಅದು ಕಷ್ಟ ಎದುರಾದ ಕ್ಷಣದಲ್ಲೇ ತಪ್ಪುತ್ತದೆಂದು ಅಂದು ಗೊತ್ತಾಯಿತು.

ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪಾಠವನ್ನು ಮತ್ತೆ ಓದಿದ ವಿದ್ಯಾರ್ಥಿಗಳು 5 ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಮಾತ್ರ, ಓದಿದ್ದನ್ನು ನೋಡದೆ ನೆನಪಿಸಿಕೊಂಡು ಬರೆದಿದ್ದವರೇ ಹೆಚ್ಚು ಉಳಿಸಿಕೊಂಡಿದ್ದರು. ಮರಳಿ ಓದುವಾಗ, ಮರಳಿ ನೋಡುವಾಗ ಸಿಗುವ ಸರಾಗತೆಯನ್ನು ನಾವು ಕಲಿಕೆಯೆಂದು ತಪ್ಪು ತಿಳಿಯುತ್ತೇವೆ. ತರಗತಿಯಲ್ಲಾದರೆ ಎಬ್ಬಿಸಿ ಪ್ರಶ್ನೆ ಕೇಳುವವರಿರುತ್ತಾರೆ. ಸ್ವಾಧ್ಯಾಯದಲ್ಲಿ ಆ ಕೆಲಸವೂ ನಮ್ಮ ಪಾಲಿನದೇ.

ಈಗ ಒಂದೇ ಪುಸ್ತಕ ಇಟ್ಟುಕೊಂಡಿದ್ದೇನೆ. ಒಂದು ಭಾಗ ಓದಿದ ಮೇಲೆ ಅದನ್ನು ಮುಚ್ಚಿ, ಉದಾಹರಣೆಯನ್ನು ನೋಡದೆ ಬರೆಯುತ್ತೇನೆ. ಎರರ್ ಬಂದರೆ ಅದು ಹೇಳುವ ಸಾಲನ್ನು ಪೂರ್ತಿ ಓದುವ ತನಕ ಬ್ರೌಸರ್ ಮುಟ್ಟುವುದಿಲ್ಲ. ಟೈಮರ್ ಇಟ್ಟು 25 ನಿಮಿಷ ಕೆಲಸ ಮಾಡಿ ಸ್ವಲ್ಪ ಬಿಡುವು ತೆಗೆದುಕೊಳ್ಳುವ, ಫ್ರಾನ್ಸೆಸ್ಕೊ ಸಿರಿಲೊ ರೂಪಿಸಿದ ಪೊಮೊಡೊರೊ ಪದ್ಧತಿಯನ್ನೂ ಪ್ರಯತ್ನಿಸಿದೆ. ಕುಳಿತುಕೊಳ್ಳಲು ಮನಸ್ಸು ಮಾಡುವುದಕ್ಕೆ ಅದು ಉಪಯುಕ್ತ, ಆದರೆ ತಪ್ಪಿನ ಜಾಡು ಸಿಗುವ ಹೊತ್ತಿಗೇ ಗಂಟೆ ಬಾರಿಸುವ ಟೈಮರ್‌ನಷ್ಟು ಸಿಟ್ಟು ತರಿಸುವ ವಸ್ತು ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ.

ನಡುವೆ ಹುಟ್ಟುವ ಇತರ ಕುತೂಹಲಗಳನ್ನು ಪಕ್ಕದ ಹಾಳೆಯಲ್ಲಿ ಬರೆದಿಡುತ್ತೇನೆ. ನಿನ್ನೆ ಬರೆದದ್ದು: 'ವೆಬ್ ಡಿಸೈನ್ ಕೂಡ ಕಲಿಯಬೇಕೇ?' ಐದನೆಯ ಅಧ್ಯಾಯದ ಮೂರು ಅಭ್ಯಾಸಗಳು ಇನ್ನೂ ಬಾಕಿ ಇರುವುದರಿಂದ ಆ ಪ್ರಶ್ನೆ ಸದ್ಯಕ್ಕೆ ಹಾಳೆಯಲ್ಲೇ ಇದೆ.