ಅಂಚು, ಹಂಚು, ದಡಿ

ಮೊದಲ ಸಲ ಜಲವರ್ಣದಲ್ಲಿ ಗೋಳಗುಮ್ಮಟ ಬರೆದು ಹೆಂಡತಿಯ ಮುಂದೆ ಹಿಡಿದೆ. ಆಕೆ ಒಂದು ಗಳಿಗೆ ನೋಡಿ, "ಬೋಗಾಣಿ ಚಲೋ ಬಂದೈತ್ರೀ. ಆದ್ರ ಡಬ್ಬ್ ಯಾಕ ಹಾಕೀರಿ?" ಎಂದಳು.

ನಾಲ್ಕು ಮೂಲೆಗೂ ಏಳೇಳು ಅಂತಸ್ತಿನ ಗೋಪುರ ನಿಲ್ಲಿಸಿದ್ದೆ. ಗುಮ್ಮಟದ ಬುಡದ ಕಮಲದ ಎಸಳುಗಳನ್ನೂ ಬಿಟ್ಟಿರಲಿಲ್ಲ. ಅಷ್ಟಾದರೂ ಬೋಗಾಣಿ! ಮೊದಲು ಸಿಟ್ಟು ಬಂತು. ಚಹಾ ಕುಡಿದು ಮತ್ತೊಮ್ಮೆ ನೋಡಿದರೆ ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗುಮ್ಮಟದ ಸುತ್ತ ಈ ಕಡೆಯಿಂದ ಆ ಕಡೆಯವರೆಗೆ ಒಂದೇ ದಪ್ಪದ, ಒಂದೇ ಕಪ್ಪಿನ ಅಂಚು. ಕತ್ತರಿಯಲ್ಲಿ ಕತ್ತರಿಸಿ ಆಕಾಶಕ್ಕೆ ಅಂಟಿಸಿದ ಹಾಗಿತ್ತು.

ತಪ್ಪು ಹಳೆಯದು. ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರು ನಮಗೆ ಕಲಿಸಿದ್ದು ಒಂದೇ ವಿದ್ಯೆ: ಮೊದಲು ಪೆನ್ಸಿಲ್ಲಿನ ಗೆರೆ, ಆಮೇಲೆ ಅದರೊಳಗೆ ಬಣ್ಣ. ಮಾವಿನಹಣ್ಣಾಗಲಿ, ತಂಬಿಗೆಯಾಗಲಿ, ಮಹಾತ್ಮ ಗಾಂಧಿಯಾಗಲಿ, ಗೆರೆ ದಾಟುವಂತಿಲ್ಲ. ಬಣ್ಣ ಒಂದು ಕೂದಲೆಳೆ ಹೊರಗೆ ಹೋದರೂ ಫೂಟಪಟ್ಟಿ ನೆಟ್ಟಗೆ ಬೆರಳ ಗೆಣ್ಣಿಗೆ ಬರುತ್ತಿತ್ತು. ಆ ಗೆಣ್ಣುಗಳೇ ಈಗ ನಿವೃತ್ತಿಯಾದ ಮೇಲೆ ಕುಂಚ ಹಿಡಿದಿವೆ. ಅವಕ್ಕಿನ್ನೂ ಭಯ ಹೋಗಿಲ್ಲ.

ಬೋಗಾಣಿಯ ಅಪವಾದ ಕಳೆಯಬೇಕೆಂದು ಮರುದಿನ ಸಂಜೆ ನಾಲ್ಕಕ್ಕೆ ಗುಮ್ಮಟದ ಮುಂದಿನ ತೋಟದಲ್ಲಿ ಹೋಗಿ ಕುಳಿತೆ. ಬರೆಯಲಿಕ್ಕಲ್ಲ, ಬರೀ ನೋಡಲಿಕ್ಕೆ. ಏಪ್ರಿಲ್ ತಿಂಗಳು. ಧೂಳು ಕುಡಿದ ಆಕಾಶ ಹಳೇ ಧೋತರದಂತೆ ಬೆಳ್ಳಗಾಗಿತ್ತು. ಎಡಗಡೆಯಿಂದ, ಪಡುವಣ ಬಿಸಿಲು ಗುಮ್ಮಟದ ಮೇಲೆ ಬೀಳುತ್ತಿತ್ತು. ಬಿಸಿಲು ಬಿದ್ದ ಆ ಮಗ್ಗುಲಿನ ಗಾರೆಯೂ ಅದರ ಹಿಂದಿನ ಆಕಾಶವೂ ಒಂದೇ ಬಿಳುಪು. ಕಣ್ಣು ಕಿರಿದು ಮಾಡಿ ನೋಡಿದೆ. ಅಲ್ಲಿ ಗೆರೆಯೇ ಇಲ್ಲ! 1656ರಿಂದ ನಿಂತಿರುವ, 44 ಮೀಟರ್ ಅಗಲದ ಗುಮ್ಮಟದ ಒಂದು ಮಗ್ಗುಲು ಹಾಡಹಗಲೇ ಕಾಣೆಯಾಗಿದೆ, ಟಿಕೆಟ್ ತೆಗೆದುಕೊಂಡು ಒಳಗೆ ಹೋಗುವವರು ಯಾರೂ ತಕರಾರು ತೆಗೆಯುತ್ತಿಲ್ಲ. ಬಲಗಡೆ ನೆರಳಿನ ಅಂಚು ಮಾತ್ರ ಚಾಕುವಿನ ಹಾಗೆ ಖಡಕ್ಕಾಗಿತ್ತು. ಕೆಳಗೆ ಗಿಡಗಳ ಹಿಂದೆ ಗೋಡೆ ಎಲ್ಲಿ ಮುಗಿಯಿತು, ಎಲೆ ಎಲ್ಲಿ ಶುರುವಾಯಿತು ಹೇಳಲಿಕ್ಕೆ ಬರುತ್ತಿರಲಿಲ್ಲ. ಒಂದೇ ಕಟ್ಟಡಕ್ಕೆ ಮೂರು ತರಹದ ಅಂಚು. ನಾನು ಮೂರಕ್ಕೂ ಒಂದೇ ಲಂಗೋಟಿ ಬಿಗಿದಿದ್ದೆ.

ಕಂಡದ್ದನ್ನು ಕಾಗದಕ್ಕೆ ಇಳಿಸಬೇಕಾದರೆ ಕುಂಚಕ್ಕಿಂತ ನೀರಿನ ಮರ್ಜಿ ಹಿಡಿಯಬೇಕು. ಒಣ ಕಾಗದದ ಮೇಲೆ ಬಣ್ಣ ಇಟ್ಟರೆ ಅದು ಇಟ್ಟಲ್ಲೇ ನಿಂತು ಖಡಕ್ ಅಂಚು ಕೊಡುತ್ತದೆ. ಕಾಗದ ತೊಯ್ದು ತಪ್ಪಡಿಯಾಗಿದ್ದರೆ ಬಣ್ಣ ಜಾತ್ರೆಗೆ ಹೋದ ಹುಡುಗನಂತೆ ಎತ್ತ ಬೇಕಾದತ್ತ ಓಡುತ್ತದೆ. ಇವೆರಡರ ನಡುವೆ ಒಂದು ಹೊತ್ತಿದೆ. ಆಗ ಬಣ್ಣ ಓಡುವುದೂ ಇಲ್ಲ, ನಿಲ್ಲುವುದೂ ಇಲ್ಲ, ಸುಮ್ಮನೆ ಮೈ ಸಡಿಲಿಸುತ್ತದೆ. ಮೋಡ, ದೂರದ ಗುಡ್ಡ, ಕೆನ್ನೆಯ ತಿರುವು ಎಲ್ಲ ಹುಟ್ಟುವುದು ಆ ಹೊತ್ತಿನಲ್ಲೇ. ಕಾಗದ ಒಣಗಿದ್ದರೂ ಉಪಾಯವಿದೆ: ಬಣ್ಣ ಹಸಿ ಇರುವಾಗಲೇ ಬರೀ ನೀರಲ್ಲಿ ಅದ್ದಿ ಒರೆಸಿದ ಇನ್ನೊಂದು ಕುಂಚವನ್ನು ಅಂಚಿನ ಗುಂಟ ಎಳೆದರೆ ಅದು ಕರಗುತ್ತದೆ. ಆ ಕುಂಚದಲ್ಲಿ ನೀರು ಜಾಸ್ತಿ ಇತ್ತೋ, ಮುಗಿಯಿತು. ನೀರು ನುಗ್ಗಿ ಬಣ್ಣವನ್ನು ತಳ್ಳಿ ಹೂಕೋಸಿನಂಥ ಕಲೆ ಮಾಡಿಬಿಡುತ್ತದೆ. ನನ್ನ ಮೊದಲ ವರ್ಷದ ಆಕಾಶಗಳಲ್ಲಿ ಮೋಡಗಳಿಗಿಂತ ಹೂಕೋಸುಗಳೇ ಹೆಚ್ಚು.

ಬಣ್ಣ ಆರಿದ ಮೇಲೆ ಅದರ ಅಂಚಿಗೇ ಒಂದು ಕಪ್ಪು ಗೆರೆ ಯಾಕೆ ಕೂಡುತ್ತದೆ ಎಂಬುದು ನನಗೆ ಬಹಳ ದಿನ ಒಗಟಾಗಿತ್ತು. ಉತ್ತರ ದಿನಾ ನನ್ನ ಟೇಬಲ್ಲಿನ ಮೇಲೇ ಇತ್ತು, ಚಹಾದ ಕಲೆಯ ರೂಪದಲ್ಲಿ. ಚೆಲ್ಲಿದ ಚಹಾ ಒಣಗಿದರೆ ನಡುವೆ ತೆಳು, ಸುತ್ತ ದಟ್ಟ ಬಳೆ. ಹನಿಯ ಅಂಚು ಅಲ್ಲಾಡದೆ ಕಚ್ಚಿಕೊಂಡಿರುತ್ತದೆ, ನೀರು ಅಲ್ಲೇ ಬೇಗ ಆವಿಯಾಗುತ್ತದೆ. ಹೋದ ನೀರನ್ನು ತುಂಬಲು ನಡುವಿನ ನೀರು ಅಂಚಿಗೆ ಹರಿಯುವಾಗ ಕಣಗಳನ್ನೂ ಹೊತ್ತು ತಂದು ಅಲ್ಲಿ ಗುಡ್ಡೆ ಹಾಕುತ್ತದೆ. ಶಿಕಾಗೋದ ವಿಜ್ಞಾನಿಗಳು ಇದನ್ನು 1997ರಲ್ಲಿ ಬಿಡಿಸಿ ಹೇಳಿದರು, ಕಾಫಿಯ ಕಲೆ ಹಿಡಿದುಕೊಂಡು. ನಮ್ಮ ಕಡೆ ಬಂದಿದ್ದರೆ ಚಹಾದ ಹೆಸರು ಉಳಿಯುತ್ತಿತ್ತು.

ಈ ಎಲ್ಲದಕ್ಕೂ ಊರಿನ ಹವೆ ಬೇರೆ ಕೈ ಹಾಕುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಕಾಗದದ ಈ ತುದಿಯಿಂದ ಬಳಿಯುತ್ತ ಆ ತುದಿಗೆ ಮುಟ್ಟುವುದರೊಳಗೆ ಈ ತುದಿ ಹಪ್ಪಳ. ಮೆತ್ತಗಿನ ಅಂಚು ಬೇಕಾದರೆ ನಸುಕಿನಲ್ಲೇ ಏಳಬೇಕು, ಇಲ್ಲವೇ ಇಸ್ತ್ರಿಯವನ ಹಾಗೆ ನೀರು ಚಿಮುಕಿಸುತ್ತ ಕೂಡಬೇಕು. ಜುಲೈಯಲ್ಲಿ ಬೆಳಗಾವಿಗೆ, ಟಿಳಕವಾಡಿಯ ಮಗಳ ಮನೆಗೆ ಹೋದರೆ ತದ್ವಿರುದ್ಧ. ಅಲ್ಲಿಯ ವ್ಯಾಕ್ಸಿನ್ ಡಿಪೋ ಮೈದಾನದ ಗಿಡಗಳನ್ನು ಮುಂಜಾನೆ ಬರೆದರೆ ಊಟದ ಹೊತ್ತಿಗೂ ಅವು ಒಂದರೊಳಗೊಂದು ಹರಿಯುತ್ತಲೇ ಇರುತ್ತವೆ. ಮೊಮ್ಮಗಳು ಕೂದಲು ಒಣಗಿಸುವ ಯಂತ್ರ ತಂದು "ಅಜ್ಜಾ, ಗಾಳಿ ಹಾಕ್ಲೇನು?" ಎನ್ನುತ್ತಾಳೆ. ಒಮ್ಮೆ ಹ್ಞೂಂ ಎಂದೆ. ಗಾಳಿಯ ರಭಸಕ್ಕೆ ಒಂದು ಬೇವಿನ ಗಿಡ ಹರಿದು ಹೋಗಿ ಪಕ್ಕದ ಕಂಪೌಂಡು ದಾಟಿತು.

ಕಾಗದ ಯಾವಾಗ ಹದಕ್ಕೆ ಬಂದಿದೆ ಎಂದು ತಿಳಿಯುವುದು ಹೇಗೆ? ಪುಸ್ತಕಗಳು ಅದರ ಮೇಲಿನ ಹೊಳಪು ನೋಡು ಎನ್ನುತ್ತವೆ. ಅದು ನನ್ನ ತಲೆಗೆ ಹತ್ತಿದ್ದು ಅಡಿಗೆಮನೆಯಲ್ಲಿ. ಹೆಂಡತಿಯ ತವರು ಇಳಕಲ್ ಕಡೆ. ಆಕೆ ಎಸರು ಹಾಕಿ ಜೋಳದ ಹಿಟ್ಟು ನಾದಿ, ರೊಟ್ಟಿ ಬಡಿದು, ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾಳೆ. ಆಮೇಲೆ ಸುಮ್ಮನೆ ನಿಲ್ಲುತ್ತಾಳೆ. ಒಂದು ಮುಂಜಾನೆ ಹಸಿವು ತಾಳದೆ "ಹೊಳ್ಳಿ ಹಾಕಲಾ" ಎಂದೆ.

"ತಡೀರಿ. ಹಸಿ ಇದ್ರ ಹಂಚಿಗೆ ಹತ್ತತೈತಿ, ಪೂರಾ ಆರಿದ್ರ ಬಿರೀತೈತಿ. ನೀರಿನ ಮಿಂಚು ಹೋಗೂದನ್ನ ನೋಡಬೇಕು."

ನೋಡಿದೆ. ರೊಟ್ಟಿಯ ಮೇಲಿನ ಮಿಂಚು ಅಂಚಿನಿಂದ ಒಳಗೊಳಗೆ ಸರಿಯುತ್ತ ಬಂದು ಮಾಯವಾಗುವ ಹೊತ್ತಿಗೆ ಆಕೆಯ ಬೆರಳು ಅದನ್ನು ಹೊಳ್ಳಿ ಹಾಕಿತ್ತು. ನಾನು ರೊಟ್ಟಿ ಬಿಟ್ಟು ಕಾಗದದ ಕಡೆ ಓಡಿದೆ. ನೀರು ಬಳಿದು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಓರೆಯಾಗಿ ನೋಡಿದರೆ ಅದೇ ಮಿಂಚು, ಅದೇ ಸರಿತ. ಮಿಂಚು ಅಡಗಿ ಕಾಗದ ಇನ್ನೂ ತಂಪಾಗಿರುವಾಗ ದಟ್ಟ ಬಣ್ಣ ಇಟ್ಟೆ. ಅಂಚು ಬೆಣ್ಣೆಯ ಹಾಗೆ ಮೆತ್ತಗೆ ಬಂತು. ದೇಶ ವಿದೇಶದ ಮಾಸ್ತರರ ವಿಡಿಯೋ ನೋಡಿ ಮೂರು ವರ್ಷ ಕಳೆದಿದ್ದೆ. ಅಷ್ಟೂ ದಿನ ಈ ಪಾಠ ದಿನಕ್ಕೆ ಎರಡು ಹೊತ್ತು ನನ್ನ ತಾಟಿಗೇ ಬಂದು ಬೀಳುತ್ತಿತ್ತು. ಅವಳಿಗೆ ಹೇಳಿದರೆ, "ಹಂಗಾರ ನಾಳಿಂದ ರೊಟ್ಟಿ ನೀವ ಬಡೀರಿ" ಎಂದಳು. ಮಾತು ಅಲ್ಲಿಗೇ ಬಿಟ್ಟೆ.

ಖಡಕ್ಕೂ ಅಲ್ಲದ ಮೆತ್ತಗೂ ಅಲ್ಲದ ಇನ್ನೊಂದು ಅಂಚಿದೆ, ಹರಕು ಅಂಚು. ಒರಟು ಕಾಗದದ ಮೇಲೆ ಅರ್ಧ ಒಣಗಿದ ಕುಂಚವನ್ನು ಅಡ್ಡ ಹಿಡಿದು ಸರ್ರನೆ ಎಳೆದರೆ ಬಣ್ಣ ಕಾಗದದ ಉಬ್ಬಿಗಷ್ಟೇ ತಾಗಿ ತಗ್ಗುಗಳನ್ನು ಬಿಡುತ್ತದೆ. ಬಾರಾ ಕಮಾನಿಗೆ ಇದಕ್ಕಿಂತ ಒಪ್ಪುವ ಅಂಚು ನನಗೆ ಕಂಡಿಲ್ಲ. ಎರಡನೆಯ ಅಲಿ ಆದಿಲ್‌ಶಾಹನ ಸಮಾಧಿ ಅದು. ಸೂರಿಲ್ಲ, ಗಾರೆಯಿಲ್ಲ, ಬರೀ ಕರಿಕಲ್ಲಿನ ಕಮಾನುಗಳು. ಕಟ್ಟುವವರೇ ಅರ್ಧಕ್ಕೆ ಬಿಟ್ಟದ್ದನ್ನು ನಾನು ತಿದ್ದಿ ತೀಡಿ ಮುಗಿಸಲು ಯಾರು?

ಬಾದಾಮಿಯಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ಅಗಸ್ತ್ಯ ತೀರ್ಥದ ದಂಡೆಗೆ ಕುಳಿತರೆ ಕೆಂಪು ಬಂಡೆ ಮೇಲೆ ಖಡಕ್, ನೀರೊಳಗೆ ಅದೇ ಬಂಡೆ ಮೆತ್ತಗೆ, ನಡುವೆ ಗಾಳಿ ಬೀಸಿದ ಕಡೆ ಹರಕು. ಭೂತನಾಥ ಗುಡಿ ಹಿಡಿದು ಮೂರೂ ಒಂದೇ ಹಾಳೆಯಲ್ಲಿ ಬೇಕು, ಅದೂ ಮಂಗಗಳು ಕುಂಚ ಎತ್ತಿಕೊಂಡು ಹೋಗುವ ಮೊದಲು. ಮೇಲೆ ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಕೆತ್ತಿಸಿದ, 578ರ ಶಾಸನವಿದೆ. ಅದೇ ಗುಹೆಯಲ್ಲಿ ಹಳೆಯ ಬಣ್ಣದ ಚಿತ್ರಗಳ ಕುರುಹೂ ಇದೆ. ಉಳಿ ಕೊರೆದ ಅಂಚನ್ನು ಬಲ್ಲವರು ಇವತ್ತಿಗೂ ಓದುತ್ತಾರೆ. ಕುಂಚ ಎಳೆದ ಅಂಚು ಬಂಡೆಯೊಳಗೆ ಕರಗಿ ಹೋಗಿದೆ. ಅಲ್ಲಿ ನಾನು ಪೆಟ್ಟಿಗೆ ಬಿಚ್ಚುವುದಿಲ್ಲ, ಕತ್ತೆತ್ತಿ ನೋಡಿ ಇಳಿದು ಬರುತ್ತೇನೆ.

ಹೋದ ತಿಂಗಳು ಮತ್ತೆ ಗೋಳಗುಮ್ಮಟಕ್ಕೆ ಕೈ ಹಾಕಿದೆ. ಬಿಸಿಲಿನ ಮಗ್ಗುಲನ್ನು ಆಕಾಶದೊಳಗೆ ಬಿಟ್ಟೆ. ನೆರಳಿನ ಕಡೆಯನ್ನೂ ಸಂಜೆಯ ಮಬ್ಬಿಗೆ ತುಸು ಸಡಿಲಿಸಿದೆ. ಬುಡವನ್ನು ಗಿಡಗಳಿಗೆ ಒಪ್ಪಿಸಿದೆ. ಮುಂದೆ ದಾರಿಯಲ್ಲಿ ಕೊಡ ಹೊತ್ತ ಒಬ್ಬ ಹೆಣ್ಣುಮಗಳು ಇರಲಿ ಎಂದು ಹಸಿಯ ಮೇಲೇ ಕೆಂಪು ಬಣ್ಣದ ಒಂದು ಬೊಟ್ಟು ಇಟ್ಟೆ, ಅದು ನೆಲದ ಜೊತೆ ಕರಗಿತು. ಎಲ್ಲೂ ಗೆರೆಯಿಲ್ಲ. ಗೆಣ್ಣುಗಳಿಗೆ ಕೊನೆಗೂ ಧೈರ್ಯ ಬಂತು ಎಂದುಕೊಂಡು ಹೆಂಡತಿಯನ್ನು ಕರೆದೆ.

ಆಕೆ ಸೆರಗಿಗೆ ಕೈ ಒರೆಸುತ್ತ ಬಂದಳು. ಗುಮ್ಮಟವನ್ನು ನೋಡಲೇ ಇಲ್ಲ. ಬಗ್ಗಿ ಕೆಂಪು ಬೊಟ್ಟಿನ ಮೇಲೆ ಬೆರಳಿಟ್ಟಳು.

"ಈಕಿ ಯಾರು?"

"ಯಾರೋ, ನೀರಿಗೆ ಹೊಂಟಾಳ."

"ಇಳಕಲ್ ಸೀರಿ ಉಟ್ಟಂಗ ಐತಿ. ದಡೀನ ಇಲ್ಲಲ್ರೀ!"

ಅಂಚು ಕಳೆಯುವುದೇ ಈ ಚಿತ್ರದ ಕಸುಬುಗಾರಿಕೆ ಎಂದು ವಿವರಿಸಲು ಬಾಯಿ ತೆರೆದೆ. ಸೆರಗಿನ ಎಳೆಗಳನ್ನೂ ಒಡಲಿನ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಊರಿನವಳು ಆಕೆ. ಗೋಮಿ ದಡಿ, ಚಿಕ್ಕಿ ಪರಾಸ ಎಂದು ದಡಿಗೆ ಹೆಸರಿಟ್ಟು ಕರೆಯುವವರ ಮುಂದೆ ಕಳೆದುಹೋದ ಅಂಚಿನ ಮಹಿಮೆ ಹೇಳುವುದು ಹೇಗೆ? ಬಾಯಿ ಮುಚ್ಚಿದೆ. ಕಾಗದ ಪೂರಾ ಒಣಗಲಿ ಎಂದು ಫ್ಯಾನಿನ ಕೆಳಗಿಟ್ಟೆ. ಎಲ್ಲಕ್ಕಿಂತ ಸಣ್ಣ ಕುಂಚ ಹುಡುಕಿ, ದಟ್ಟ ಹಸಿರು ಕಲಸಿ, ಉಸಿರು ಬಿಗಿಹಿಡಿದು, ಕೆಂಪಿನ ಕೆಳಗೆ ಒಂದು ಅಂಗುಲದ ಗೆರೆ ಎಳೆದೆ. ಆಕೆ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

"ಹ್ಞಾಂ," ಎಂದಳು, "ಇನ್ನ ಸೆರಗು."