ಟಿಪ್ಪರ್ ಹಿಂದೆ ಹೊಸ ಬಣ್ಣ

ಕಾರಿಗೆ ಹೊಸ ಬಣ್ಣ ಹೊಡೆಸಿದವನಿಗೆ ರಸ್ತೆ ಕಾಣುವುದೇ ಬೇರೆ. ಮೊದಲು ಹೊಂಡ ಮಾತ್ರ ಕಾಣುತ್ತಿತ್ತು. ಈಗ ಹೊಂಡದ ಬದಿಯಲ್ಲಿ ಚೆಲ್ಲಿದ ಜಲ್ಲಿ ಕಾಣುತ್ತದೆ. ಆ ಜಲ್ಲಿಯ ಮೇಲೆ ಹಾಯಲು ಹೊರಟ ಬಸ್ಸಿನ ಚಕ್ರ ಕಾಣುತ್ತದೆ. ಚಕ್ರದ ಹಿಂದೆ ನಮ್ಮದೇ ಬೋನೆಟ್ ಫಳಫಳ ಕಾಣುತ್ತದೆ. ಪಕ್ಕದಲ್ಲಿ ಕೂತವರು ನಮ್ಮ ಕಾಸರಗೋಡಿನ ಕುಂಬಳೆಯಲ್ಲಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಸೀತಾಂಗೋಳಿ ದಾಟಿದ ಮೇಲೆ ಬರುತ್ತದೆ.

ಕಾರು ಹಳೆಯದು. ಸಮುದ್ರದ ಉಪ್ಪುಗಾಳಿ, ಶಾಲೆಯ ಅಂಗಳದ ಬಿಸಿಲು ಎರಡನ್ನೂ ವರ್ಷಗಟ್ಟಲೆ ತಿಂದು ಅದರ ಬಣ್ಣದ ಮೇಲಿನ ಪಾರದರ್ಶಕ ಲೇಪ, ಅಂದರೆ ಕ್ಲಿಯರ್ ಕೋಟ್, ಪದರ ಪದರವಾಗಿ ಏಳುತ್ತಿತ್ತು. ಟಿಂಕರಿಂಗ್, ಪೇಂಟಿಂಗ್ ಎರಡೂ ಬಲ್ಲ ಮೇಸ್ತ್ರಿಯೊಬ್ಬರು ಬದಿಯಡ್ಕದ ಕಡೆ ಇದ್ದಾರೆ. ಮನೆಯಲ್ಲಿ ಮಲಯಾಳ, ವರ್ಕ್‌ಶಾಪಿನ ಹುಡುಗರ ಹತ್ತಿರ ತುಳು, ನನ್ನ ಹತ್ತಿರ ಕನ್ನಡ. ನಾನು ಕೇಳಿದಾಗ ಅವರು, "ಆಟಿ ತಿಂಗಳು ಕಳೆಯಲಿ ಮಾಷ್ಟ್ರೇ, ಈಗ ಹೊಡೆದರೆ ಬಣ್ಣದೊಳಗೆ ಮಳೆಯೂ ಕೂತುಕೊಳ್ತದೆ" ಎಂದರು. ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಈ ಮಾತಿಗೆ ಎದುರಾಡುವಂತಿಲ್ಲ.

ಕೆಲಸ ಮುಗಿಸಿ ಕೀ ಕೊಡುವಾಗ ಇನ್ನೊಂದು ಮಾತು ಹೇಳಿದರು. "ಮುಟ್ಟಿದರೆ ಒಣಗಿದೆ. ಒಳಗೆ ಒಣಗಿಲ್ಲ. ಕೆಲವು ವಾರ ವ್ಯಾಕ್ಸ್ ಬೇಡ, ಫಿಲ್ಮ್ ಬೇಡ, ಟಿಪ್ಪರ್ ಹಿಂದೆ ಹೋಗುವುದು ಬೇಡವೇ ಬೇಡ."

ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವಾಗ ಕಾರು ಅಂದರೆ ಬರೀ ತಗಡು. ಸೀಟಿಲ್ಲ, ವಯರಿಲ್ಲ, ರಬ್ಬರಿಲ್ಲ. ಹಾಗಾಗಿ ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿ ಬಣ್ಣ ಗಟ್ಟಿ ಮಾಡುತ್ತಾರೆ. ಓಡಾಡಿದ ಕಾರನ್ನು ಹಾಗೆ ಬೇಯಿಸಿದರೆ ಡ್ಯಾಶ್‌ಬೋರ್ಡಿನ ಆಕಾರವೇ ಹೋದೀತು. ಆದ್ದರಿಂದ ಬೂತ್, ಅಂದರೆ ಬಣ್ಣ ಹೊಡೆದು ಬಿಸಿ ಮಾಡುವ ಮುಚ್ಚಿದ ಕೋಣೆ, ಇರುವ ದೊಡ್ಡ ವರ್ಕ್‌ಶಾಪಿನಲ್ಲಿ 60 ಡಿಗ್ರಿಯ ಆಸುಪಾಸು, ಬೂತ್ ಇಲ್ಲದಲ್ಲಿ ದೇವರು ಕೊಟ್ಟ ಗಾಳಿ. ಉಳಿದ ಕೆಲಸ ಬಣ್ಣಕ್ಕೆ ಬೆರೆಸಿದ ಹಾರ್ಡನರ್‌ನದು. ಬಣ್ಣ ಒಳಗೊಳಗೇ ಗಟ್ಟಿಯಾಗಬೇಕು, ಅದನ್ನು ತೆಳು ಮಾಡಲು ಹಾಕಿ ಉಳಿದ ಥಿನ್ನರ್ ನಿಧಾನವಾಗಿ ಹೊರಗೆ ಹೋಗಬೇಕು.

ನಮ್ಮ ಕೆಂಪುಕಲ್ಲಿನ ಸ್ವಭಾವವೂ ಇದೇ. ಕೋರೆಯಿಂದ ಆಗಷ್ಟೇ ಎಬ್ಬಿಸಿದ ಕಲ್ಲು ಮೆದು. ಹೇಗೆ ಬೇಕಾದರೂ ಕೆತ್ತಬಹುದು. ಗಾಳಿ ಬಿಸಿಲು ಕಂಡ ಮೇಲೆ ಬಿರುಸಾಗುತ್ತದೆ, ಅಜ್ಜನ ಕಾಲದ ಗೋಡೆಯನ್ನು ಇಂದಿಗೂ ಹೊತ್ತು ನಿಲ್ಲುತ್ತದೆ. 1807ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದ ಈ ಕಲ್ಲನ್ನು ವಿವರಿಸಿ ಲ್ಯಾಟರೈಟ್ ಎಂದು ಹೆಸರಿಟ್ಟ ಮೇಲೆ ಲೋಕಕ್ಕೆಲ್ಲ ಅದು ಆ ಹೆಸರಿನಿಂದ ಗೊತ್ತಾಯಿತು. ನಮಗೆ ಅದಕ್ಕಿಂತ ಮೊದಲೇ ಗೊತ್ತಿತ್ತು ಬಿಡಿ, ಮನೆ ಕಟ್ಟಿಕೊಂಡೇ ಕೂತಿದ್ದೆವಲ್ಲ.

ಹೊಸ ಬಣ್ಣದವನಿಗೆ ಕಾಸರಗೋಡಿನಲ್ಲಿ ಎರಡೇ ಜಾತಿಯ ಕಲ್ಲು. ಕೆಂಪುಕಲ್ಲಿನ ಲಾರಿ ಮುಂದೆ ಹೋದರೆ ಧೂಳು ಬರುತ್ತದೆ, ಕಾರು ಕೆಂಪಾಗುತ್ತದೆ, ನೀರು ಹಾಕಿದರೆ ಹೋಗುತ್ತದೆ. ಒಣಬಟ್ಟೆಯಲ್ಲಿ ಮಾತ್ರ ಉಜ್ಜಬಾರದು. ಕ್ರಷರಿನಿಂದ ಬರುವ ಕರಿಕಲ್ಲಿನ ಜಲ್ಲಿ ಹಾಗಲ್ಲ. ಅದಕ್ಕೆ ಮೂಲೆ ಉಂಟು, ಮೊನೆ ಉಂಟು. ಹೆದ್ದಾರಿ 66ರಲ್ಲಿ ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಪಥವಾಗುವ ಕೆಲಸ ನಡೆದಷ್ಟು ಕಾಲ ಈ ಜಲ್ಲಿ ಹೊತ್ತ ಟಿಪ್ಪರುಗಳೇ ನಮ್ಮ ಸಹಪ್ರಯಾಣಿಕರು. ಚೆರ್ಕಳ–ಕಲ್ಲಡ್ಕ ರಸ್ತೆಯ ತಿರುವುಗಳಲ್ಲಿ ಅವುಗಳ ಹಿಂದೆ ಸಿಕ್ಕಿಹಾಕಿಕೊಂಡರೆ ಪೆರ್ಲದವರೆಗೂ ಜಪವೇ ಗತಿ.

ಕಲ್ಲು ಹೇಗೆ ಹಾರುತ್ತದೆ ಎಂಬುದು ನನ್ನ ಪಾಠಕ್ಕೆ ಸೇರಿದ ವಿಷಯ. ನಾನು ಲೆಕ್ಕದ ಮಾಷ್ಟ್ರು. ಉರುಳುವ ಚಕ್ರದ ಅಂಚಿನ ಒಂದು ಬಿಂದು ಹೋಗುವ ದಾರಿಗೆ ಸೈಕ್ಲಾಯ್ಡ್ ಅನ್ನುತ್ತಾರೆ. ಗೆಲಿಲಿಯೊ ಇಟ್ಟ ಹೆಸರು. ಟಯರಿನ ಸಂದಿಯಲ್ಲಿ ಸಿಕ್ಕಿದ ಕಲ್ಲು ನೆಲ ಮುಟ್ಟುವ ಕ್ಷಣದಲ್ಲಿ ರಸ್ತೆಯ ಲೆಕ್ಕಕ್ಕೆ ನಿಂತೇ ಇರುತ್ತದೆ. ಚಕ್ರದ ನೆತ್ತಿಗೆ ಬಂದಾಗ ಗಾಡಿಯ ಎರಡರಷ್ಟು ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಚಕ್ರ ಜಾರದೆ ಉರುಳುತ್ತಿದ್ದರೆ ಅದರಿಂದ ಕಳಚಿದ ಕಲ್ಲು ಮೇಲಕ್ಕೆ ಹೋದೀತು, ಮುಂದಕ್ಕೆ ಹೋದೀತು, ರಸ್ತೆಯ ಲೆಕ್ಕಕ್ಕೆ ಹಿಂದಕ್ಕೆ ಮಾತ್ರ ಬರುವುದಿಲ್ಲ. ಅಂದರೆ ಟಿಪ್ಪರಿನವನು ನಮಗೆ ಕಲ್ಲು ಹೊಡೆಯುವುದಿಲ್ಲ. ಗಾಳಿಯಲ್ಲಿ ತನ್ನ ಪಾಡಿಗೆ ಏಳುತ್ತಿರುವ ಕಲ್ಲಿಗೆ ನಾವೇ ಹೋಗಿ ಬೋನೆಟ್ ಕೊಡುತ್ತೇವೆ. ಇದನ್ನು ಹತ್ತನೇ ಕ್ಲಾಸಿನಲ್ಲಿ ಹೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, "ಹಾಗಾದ್ರೆ ಕಲ್ಲಿಗೆ ನಾವು ನಷ್ಟ ಕಟ್ಟಿಕೊಡ್ಬೇಕಾ ಸರ್?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ.

ಎದುರಿನಿಂದ ಬರುವ ಗಾಡಿಯ ವಿಷಯ ಬೇರೆ. ಅದರ ಚಕ್ರದ ಕಲ್ಲು ಅದರ ಮುಂದಕ್ಕೆ, ಅಂದರೆ ನಮ್ಮ ಕಡೆಗೇ ಬರುತ್ತದೆ. ಎರಡೂ ವೇಗ ಕೂಡುತ್ತದೆ. ಪೆಟ್ಟಿನ ಶಕ್ತಿ ವೇಗದ ವರ್ಗದಷ್ಟು ಏರುವುದರಿಂದ 40ರಲ್ಲಿ ಹೋಗುವವನಿಗಿಂತ 80ರಲ್ಲಿ ಹೋಗುವವನಿಗೆ, ಮುಂದೆ ಹಿಂದೆ ಹೋಗದೆ ನೆಟ್ಟಗೆ ಏಳುವ ಒಂದೇ ಕಲ್ಲಿನಿಂದ, ನಾಲ್ಕು ಪಟ್ಟು ಪೆಟ್ಟು. ಇಷ್ಟು ಲೆಕ್ಕ ಮಾಡಿದರೆ ಉಪಾಯ ತಾನಾಗಿಯೇ ಬರುತ್ತದೆ: ನಿಧಾನ ಹೋಗು, ದೂರ ನಿಲ್ಲು. ಮೂರು ಸೆಕೆಂಡಿನ ಅಂತರ ಎಂದಿಟ್ಟುಕೊಂಡರೆ 60 ಕಿಲೋಮೀಟರ್ ವೇಗಕ್ಕೆ 50 ಮೀಟರ್ ಆಗುತ್ತದೆ. ಅಷ್ಟರಲ್ಲಿ ಬಹುಪಾಲು ಜಲ್ಲಿ ನೆಲಕ್ಕೆ ಬಿದ್ದಿರುತ್ತದೆ.

ಆದರೆ ನಮ್ಮೂರಿನಲ್ಲಿ 50 ಮೀಟರ್ ಜಾಗ ಬಿಡುವುದು ಅಂದರೇನು? ಅದು ಉಳಿದವರಿಗೆ ಕೊಟ್ಟ ಕರೆಯೋಲೆ. ಮೊದಲು ಒಂದು ಸ್ಕೂಟರ್ ನುಗ್ಗುತ್ತದೆ. ಅದರ ಹಿಂದೆ ಆಟೋ. ಆಮೇಲೆ ತಿಂಗಳ ಹಿಂದಷ್ಟೇ ಶೋರೂಮಿನಿಂದ ಇಳಿದ ದೊಡ್ಡ ಕಾರು, ಹಾರ್ನ್ ಹೊಡೆದುಕೊಂಡು. ಮೊದಲಾದರೆ ಕೋಪ ಬರುತ್ತಿತ್ತು. ಈಗ ಆ ಕಾರು ಟಿಪ್ಪರಿನ ಬೆನ್ನಿಗೆ ಅಂಟಿಕೊಂಡು ಹೋಗುವುದನ್ನು ನೋಡಿ ಒಂಥರಾ ನೆಮ್ಮದಿ. ಏಳುವ ಕಲ್ಲು ಯಾರಿಗಾದರೂ ಸಿಗಬೇಕಲ್ಲ!

ಕೇರಳದಲ್ಲಿ ಮಕ್ಕಳು ಶಾಲೆಗೆ ಹೋಗುವ, ಬರುವ ಹೊತ್ತಿನಲ್ಲಿ ಟಿಪ್ಪರ್ ಓಡಿಸುವುದಕ್ಕೆ ನಿರ್ಬಂಧ ಉಂಟು. ಮಕ್ಕಳ ಜೀವಕ್ಕಾಗಿ ಮಾಡಿದ್ದು, ಒಳ್ಳೆಯದೇ. ಮಾಷ್ಟ್ರುಗಳು ಓಡಾಡುವುದೂ ಅದೇ ಹೊತ್ತಿಗೆ. ಹೀಗೆ ಸರಕಾರ ಸಂಬಳದ ಜತೆಗೆ ನನ್ನ ಬಣ್ಣದ ರಕ್ಷಣೆಯನ್ನೂ ಅಷ್ಟಿಷ್ಟು ನೋಡಿಕೊಳ್ಳುತ್ತಿದೆ. ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಹೊರಟಾಗಲೇ ಸರಕಾರದ ಬೆಲೆ ಗೊತ್ತಾಗುವುದು.

ಸಲಹೆ ಕೊಡುವವರಿಗೇನೂ ಬರಗಾಲವಿಲ್ಲ. ನನ್ನ ಭಾವ ಬಂದವರೇ ಕಾರಿಗೆ ಒಂದು ಸುತ್ತು ಹಾಕಿ, "ಭಾವಾ, ಇನ್ನೆರಡು ಕೋಟ್ ಜಾಸ್ತಿ ಹೊಡೆಸಬೇಕಿತ್ತಲ್ವಾ? ದಪ್ಪ ಇದ್ದರೆ ಕಲ್ಲು ಎಂತ ಮಾಡ್ತದೆ?" ಎಂದರು. ಕಾರ್ಖಾನೆಯ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಮಿಲಿಮೀಟರಿನ ಆರರಲ್ಲೊಂದು ಪಾಲೂ ಇಲ್ಲ. ಕೇಳಿದರೆ ಹೆದರಿಕೆಯಾಗುವುದು ನಿಜ. ಆದರೆ ಮೇಸ್ತ್ರಿ ಈ ಮಾತಿಗೆ ನಕ್ಕುಬಿಟ್ಟರು. ಬಣ್ಣ ದಪ್ಪವಾದಷ್ಟೂ ಪೆಟ್ಟಿಗೆ ಚಕ್ಕೆ ಏಳುವುದು ಸುಲಭವಂತೆ. ಪುಟ್ಟಿ ದಪ್ಪವಾಗಿದ್ದರೆ ಇನ್ನೂ ಕಷ್ಟ, ತಗಡಿನಿಂದಲೇ ಕಳಚಿ ಬರುತ್ತದೆ. ಬಣ್ಣ ಉಳಿಯುವುದು ಅಡಿಯಲ್ಲಿ: ಹಳೆಯದನ್ನು ಚೆನ್ನಾಗಿ ಉಜ್ಜಿ, ತುಕ್ಕು ತೆಗೆದು, ತಳದ ಲೇಪವಾದ ಪ್ರೈಮರ್ ಸರಿಯಾಗಿ ಕೂತಿದ್ದರೆ. ಕಾಣದ ಈ ಕೆಲಸಕ್ಕೇ ಜನ ಚೌಕಾಶಿ ಮಾಡುವುದು ಎಂದು ಅವರ ದೂರು.

ಸೆರಾಮಿಕ್ ಕೋಟಿಂಗ್ ಅಂತ ಒಂದುಂಟು. ಹೊಳಪು ಕೊಡುತ್ತದೆ, ನೀರು ಜಾರಿಸುತ್ತದೆ. ಕೆಲವೇ ಮೈಕ್ರಾನ್ ದಪ್ಪದ ಅದು ಜಲ್ಲಿ ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೂತಿಗೆ ಕಟ್ಟುವ ರೆಕ್ಸಿನ್ ಹೊದಿಕೆಯೂ ನಮಗಲ್ಲ. ಅಡಿಯಲ್ಲಿ ನೀರು, ಮರಳು ಸೇರಿಕೊಂಡು ಕಲ್ಲಿಗಿಂತ ಮೊದಲೇ ಅದು ಬಣ್ಣ ಕೆಡಿಸುತ್ತದೆ. ನಿಜವಾಗಿ ತಡೆಯುವುದು ಪಾಲಿಯುರೆಥೇನ್ ಫಿಲ್ಮ್. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ಮರಳು, ಕಲ್ಲಿನಿಂದ ಕಾಪಾಡಲು ಬಂದದ್ದು ಅದು. 150ರಿಂದ 200 ಮೈಕ್ರಾನ್ ದಪ್ಪ, ಮೆತ್ತಗೆ. ಕಲ್ಲಿನ ಪೆಟ್ಟನ್ನು ತಾನು ಹೀರಿಕೊಳ್ಳುತ್ತದೆ. ಒಳ್ಳೆಯ ಜಾತಿಯದಾದರೆ ಸಣ್ಣ ಗೀರು ಬಿಸಿಲಿಗೆ ತಾನೇ ಮಾಯ. ಇಡೀ ಕಾರಿಗೆ ಹಾಕಿಸುವುದೆಂದರೆ ನನ್ನ ಕಾರಿನ ಬೆಲೆಗೆ ಅವಮಾನ. ಬೋನೆಟಿನ ಮುಂದಿನ ಅಂಚು, ಬಂಪರ್, ಕನ್ನಡಿಯ ಬೆನ್ನು, ಇಷ್ಟಕ್ಕೆ ಹಾಕಿಸಬಹುದು. ಅದೂ ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ. ಮೊದಲೇ ಅಂಟಿಸಿದರೆ ಒಳಗಿನ ಥಿನ್ನರಿಗೆ ಹೊರದಾರಿ ಇಲ್ಲ. ಪ್ರೈಮರ್ ಸರಿ ಕೂರದ ಕಾರಿನಲ್ಲಂತೂ ಮುಂದೊಂದು ದಿನ ಫಿಲ್ಮ್ ಎಳೆದರೆ ಬಣ್ಣವೂ ಜತೆಗೇ ಬರುತ್ತದೆ.

ಹೀಗಾಗಿ ಸದ್ಯಕ್ಕೆ ಕೈಗೆಟುಕಿದ್ದು ಚಕ್ರದ ಹಿಂದೆ ತೂಗುವ ಮಡ್‌ಫ್ಲ್ಯಾಪ್. ಕಡಿಮೆ ದುಡ್ಡು, ಜಾಸ್ತಿ ಪ್ರಯೋಜನ. ನಮ್ಮದೇ ಮುಂದಿನ ಚಕ್ರ ಎಬ್ಬಿಸುವ ಕಲ್ಲು ನಮ್ಮದೇ ಬಾಗಿಲಿನ ಅಡಿಪಟ್ಟಿಗೆ ಬಡಿಯುವುದನ್ನು ಅದು ತಡೆಯುತ್ತದೆ. ಅಡಿಪಟ್ಟಿಗೆ ಮೇಸ್ತ್ರಿ ತರಿತರಿಯಾದ ಒಂದು ರಬ್ಬರ್ ಕೋಟ್ ಮೊದಲೇ ಹೊಡೆದಿದ್ದಾರೆ. ಚಂದ ಇಲ್ಲ, ಆದರೆ ಬಗ್ಗಿ ನೋಡುವವರಿಗೆ ಮಾತ್ರ ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಒಂದು ಚಕ್ಕೆ ಏಳುತ್ತದೆ. ಆಗ ತಡಮಾಡಬಾರದು. ತಗಡು ಕಂಡರೆ ಈ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ. ತೊಳೆದು, ಒಣಗಿಸಿ, ಕಡ್ಡಿಯ ತುದಿಯಲ್ಲಿ ಒಂದು ಚುಕ್ಕಿ ಬಣ್ಣ, ಒಣಗಿದ ಮೇಲೆ ಇನ್ನೊಂದು, ಕೊನೆಗೆ ಕ್ಲಿಯರ್. ಒಮ್ಮೆಗೇ ಸುರಿದರೆ ಗುಳ್ಳೆಯಾಗಿ ಕೂರುತ್ತದೆ. ಇದಕ್ಕೆಂದೇ ಮೇಸ್ತ್ರಿ ಉಳಿದ ಬಣ್ಣವನ್ನು ಸಣ್ಣ ಬಾಟಲಿಗೆ ಹಾಕಿ ಕೊಟ್ಟಿದ್ದರು. ಕಂಪೆನಿಯ ಕೋಡ್ ನೋಡಿ ಇನ್ನೊಮ್ಮೆ ಕಲಸಿದರೆ ಇದರಷ್ಟು ಹೊಂದುವುದಿಲ್ಲ, ಜೋಪಾನ ಮಾಡಿ ಎಂದೂ ಹೇಳಿದ್ದರು. ಜಗಲಿಯ ಕಪಾಟಿನಲ್ಲಿ ಇಟ್ಟಿದ್ದೆ. ಕಳೆದ ವಾರ ಹುಡುಕಿದರೆ ಬಾಟಲಿ ಖಾಲಿ. "ಸುಮ್ನೆ ಒಣಗಿ ಹೋಗ್ತದಲ್ಲ ಅಂತ ನಿಮ್ಮ ಗೇಟಿನ ಚಿಲಕಕ್ಕೆ ಹೊಡೆದೆ" ಎಂದರು ಭಾವ. ಎರಡು ಕೋಟ್ ಜಾಸ್ತಿಯೇ ಹೊಡೆದಿದ್ದಾರೆ.